ಚಿಕ್ಕಮ್ಮನ ಲೆಕ್ಕಕ್ಕಿಲ್ಲದ ಭೂತಗಳು

ನನ್ನ ಚಿಕ್ಕಮ್ಮನಿಗೆ ಹೆಣವೆಂದರೆ ಎಳ್ಳಷ್ಟೂ ಹೆದರಿಕೆಯಿಲ್ಲ. ಕಾರ್ಟೂನೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ನಗಬೇಡಿ, ಇದು ನಾನು ಕಣ್ಣಾರೆ ಕಂಡದ್ದು! ಮಲೇಷ್ಯಾದ ಮೆಲಾಕಾ ಊರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅವಳು ಅನಾಟಮಿ ಪಾಠ ಹೇಳುವ ಡಾಕ್ಟರು. ಬೆಳಗ್ಗೆ ಇಡ್ಲಿ ತಿಂದು, ಕೈತೊಳೆದು ಹೊರಟಳೆಂದರೆ ಸಂಜೆಯ ತನಕ ಅವಳ ಒಡನಾಟವೆಲ್ಲ ಸ್ಟೀಲಿನ ಮೇಜಿನ ಮೇಲೆ ಅಂಗಾತ ಮಲಗಿರುವ ಮಂದಿಯ ಜೊತೆ. "ಬದುಕಿದವರಿಗಿಂತ ಇವರೇ ವಾಸಿ ಮಾರಾಯ್ತಿ, ಎದುರುತ್ತರ ಕೊಡುದಿಲ್ಲ" ಎನ್ನುವುದು ಅವಳ ಸಿದ್ಧಾಂತ. ಇಂಥ ಧೀರೆ ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯ ಶನಿವಾರ, ಟಿವಿಯ ಮುಂದೆ ಕುಳಿತು, ಯಾರೋ ಬಣ್ಣದಲ್ಲಿ ಬರೆದ ಗೊಂಬೆಗಳ ಭೂತದ ಕತೆ ನೋಡುತ್ತಾ, ಪಕ್ಕದಲ್ಲಿರುವ ಚಿಕ್ಕಪ್ಪನ ಮೊಣಕೈಗೆ ಉಗುರು ನೆಟ್ಟು, "ಅಯ್ಯೋ, ಹಿಂದೆ ನೋಡಾ! ಹಿಂದೆ ನೋಡಾ!" ಎಂದು ಬೊಬ್ಬೆ ಹೊಡೆಯುತ್ತಾಳೆ. ಅದೂ ಎಷ್ಟು ಹೊತ್ತಿಗೆ? ಮಟಮಟ ಮಧ್ಯಾಹ್ನ! ಪರದೆಗಳನ್ನೆಲ್ಲ ಸರಿಸಿ, ಮೆಲಾಕಾದ ಬೆಂಕಿಬಿಸಿಲನ್ನು ಒಳಗೆ ಕರೆದು, ಸಾಲದೆಂಬಂತೆ ಟ್ಯೂಬ್‌ಲೈಟೂ ಹಾಕಿಸಿ. ಭೂತಗಳಿಗೇ ಸೆಖೆಯಾಗಿ ಓಡಿಹೋಗಬೇಕು, ಹಾಗೆ.

ಆ ಕಾರ್ಟೂನಿನ ಬಗ್ಗೆ ಎರಡು ಮಾತು ಹೇಳಬೇಕು. ಅದೊಂದು ಇಂಗ್ಲಿಷ್ ಹಾಸ್ಯ ಧಾರಾವಾಹಿ. ಅಪ್ಪ, ಅಮ್ಮ, ಅಜ್ಜಿ, ಮಕ್ಕಳಿರುವ ಒಂದು ಸಾಧಾರಣ ಸಂಸಾರ. ಶುರುವಾಗಿ ಎಷ್ಟೋ ದಶಕಗಳಾದವು; ಸೊಸೆಯನ್ನು ವರ್ಷಗಟ್ಟಲೆ ಅಳಿಸುವ ನಮ್ಮ ಮೆಗಾ ಧಾರಾವಾಹಿಗಳೆಲ್ಲ ಅದರ ಮುಂದೆ ತೊಟ್ಟಿಲ ಕೂಸುಗಳು. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಅಂದು ಮೂರನೇ ಕ್ಲಾಸಿನಲ್ಲಿದ್ದ ಹುಡುಗಿ ಇಂದಿಗೂ ಮೂರನೇ ಕ್ಲಾಸು, ಫೇಲಾಯಿತೆಂದು ಅಪ್ಪ ಅಮ್ಮ ಬೈಯುವುದೂ ಇಲ್ಲ! ಇಷ್ಟಿದ್ದೂ ವರ್ಷಕ್ಕೊಮ್ಮೆ ಹಾಲೋವೀನ್ ಎಂಬ ಅವರ ಭೂತದ ಹಬ್ಬ ಬಂತೆಂದರೆ ಆ ಮನೆಗೆ ಕೇಡುಗಾಲ. ಅದಕ್ಕೆಂದೇ ಒಂದು ವಿಶೇಷ ಕಂತು. ಅದರಲ್ಲಿ ಮೂರು ಪುಟ್ಟ ಕತೆಗಳು. ಒಂದರಲ್ಲಿ ಫ್ರಿಜ್ಜು ಅಪ್ಪನನ್ನು ನುಂಗುತ್ತದೆ, ಇನ್ನೊಂದರಲ್ಲಿ ಅಮ್ಮ ಮಾಟಗಾತಿಯಾಗಿ ಊರನ್ನೆಲ್ಲ ಕಪ್ಪೆ ಮಾಡುತ್ತಾಳೆ, ಮೂರನೆಯದರಲ್ಲಿ ಉಳಿದವರ ಗತಿಯೂ ಮುಗಿಯುತ್ತದೆ. ಸರ್ವನಾಶ! ಮುಂದಿನ ವಾರ ನೋಡಿದರೆ ಎಲ್ಲರೂ ಏನೂ ಆಗದವರಂತೆ ಕೂತು ತಿಂಡಿ ತಿನ್ನುತ್ತಿರುತ್ತಾರೆ.

ಚಿಕ್ಕಮ್ಮ ನೋಡುವುದು ಈ ಭೂತದ ಕಂತುಗಳನ್ನು ಮಾತ್ರ. ಉಳಿದವನ್ನು ಮುಟ್ಟುವುದಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಅದರಲ್ಲಿ ಎಂತ ಉಂಟು? ಗಂಡ ಪೆದ್ದುಪೆದ್ದಾಗಿ ಎಂತದೋ ಮಾಡ್ತಾನೆ, ಹೆಂಡತಿ ಬೈತಾಳೆ. ಅದನ್ನು ನೋಡ್ಲಿಕ್ಕೆ ಟಿವಿ ಯಾಕೆ, ನಮ್ಮ ಮನೆ ಇಲ್ವಾ?" ಎಂದಳು. ಚಿಕ್ಕಪ್ಪ ಪೇಪರಿನ ಹಿಂದಿನಿಂದ, "ನಮ್ಮ ಮನೆಯಲ್ಲಿ ಫ್ರಿಜ್ಜೂ ನನ್ನನ್ನು ನುಂಗುದಿಲ್ಲ" ಎಂದು ನಿಟ್ಟುಸಿರಿಟ್ಟರು.

ಈ ಹುಚ್ಚು ಹತ್ತಿದ ಕತೆಯೂ ಸೊಗಸಾಗಿದೆ. ಉಡುಪಿಯಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ ಹೊಸತು. ಚಿಕ್ಕಪ್ಪ ಇನ್ನೂ ಊರಿನಲ್ಲೇ ಇದ್ದರು. ಒಬ್ಬಳೇ ಕ್ವಾರ್ಟರ್ಸಿನಲ್ಲಿ ಕೂತು ಟಿವಿ ತಿರುಗಿಸುವಾಗ ಒಂದು ಭೂತದ ಕಂತು ಸಿಕ್ಕಿತು. ಇದು ವಿಶೇಷ, ಹಬ್ಬಕ್ಕೆಂದು ಮಾಡಿದ್ದು ಎಂಬುದೊಂದೂ ಗೊತ್ತಿಲ್ಲ. ಅಪ್ಪ ಸತ್ತ, ಅಮ್ಮ ಸತ್ತಳು, ಮಕ್ಕಳನ್ನು ಕುಂಬಳಕಾಯಿ ತಿಂದಿತು! ಚಿಕ್ಕಮ್ಮ ದಂಗಾಗಿ, ಕಣ್ಣೊರೆಸಿಕೊಂಡು, ಎಂಥದ್ದಕ್ಕೂ ಇರಲಿ ಎಂದು ತಲೆಗೆ ಸ್ನಾನ ಮಾಡಿದಳು. ಮುಂದಿನ ವಾರ ಅದೇ ಹೊತ್ತಿಗೆ ಹಾಕಿ ನೋಡುತ್ತಾಳೆ, ಇಡೀ ಸಂಸಾರ ಕಾರಿನಲ್ಲಿ ಪಿಕ್‌ನಿಕ್ಕಿಗೆ ಹೊರಟಿದೆ!

"ಹದಿಮೂರನೇ ದಿನ ಕೂಡ ಆಗಿರ್ಲಿಲ್ಲ, ಗೊತ್ತುಂಟಾ!" ಎಂದು ಈಗಲೂ ಕೆರಳುತ್ತಾಳೆ.

ಮರುದಿನ ಕಾಲೇಜಿನಲ್ಲಿ ಈ ಅನ್ಯಾಯವನ್ನು ಹೇಳಿಕೊಂಡಾಗ ಒಬ್ಬ ಚೀನೀ ವಿದ್ಯಾರ್ಥಿನಿ ನಕ್ಕು, ಇಲ್ಲಿಯವರೆಲ್ಲ ಮಾತಿನ ಬಾಲಕ್ಕೆ ಅಂಟಿಸುವ 'ಲಾ' ಸೇರಿಸಿ, "ಅಯ್ಯೋ ಡಾಕ್ಟರ್, ದಟ್ ಒನ್ ಸ್ಪೆಷಲ್ ಲಾ! ನಾಟ್ ಕೌಂಟೆಡ್ ಒನ್!" ಎಂದಳಂತೆ. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಓಹೋಹೋ! ಆಟಕ್ಕುಂಟು, ಲೆಕ್ಕಕ್ಕಿಲ್ಲ!"

ಈ ಮಾತನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಮಕ್ಕಳು ಕಣ್ಣಾಮುಚ್ಚಾಲೆಯಾಡುವಾಗ ಪಿಳಿಪಿಳಿ ಕಣ್ಣುಬಿಡುವ ಒಂದು ಬಾಲ "ನಾನೂ" ಎಂದು ಬರುತ್ತದಲ್ಲ, ಬೇಡ ಎಂದರೆ ಅದು ಅಮ್ಮನ ಹತ್ತಿರ ಚಾಡಿ ಹೇಳುತ್ತದಲ್ಲ, ಆಗ ಹಿರಿಯರು ಮಾಡಿಕೊಟ್ಟ ಉಪಾಯ ಇದು. ಆಟದಲ್ಲಿ ಸೇರಿಸಿಕೊಳ್ಳುವುದು, ಆದರೆ ಅದು ಸಿಕ್ಕಿಬಿದ್ದರೂ ಔಟಿಲ್ಲ, ಸೋತರೂ ಸೋಲಿಲ್ಲ. ಚಿಕ್ಕಮ್ಮ ಅವಳ ಮನೆಯ ಕಟ್ಟಕಡೆಯ ಕೂಸು, ನನ್ನ ಅಮ್ಮನ ಕೊನೆಯ ತಂಗಿ. ಬಾಲ್ಯವಿಡೀ ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಉಳಿದವರಿಗೆ ಆ ಪಟ್ಟ ಸಿಕ್ಕರೆ ಅವಮಾನ. ಇವಳು ಮಾತ್ರ ಅದನ್ನು ಕಿರೀಟದಂತೆ ಹೊತ್ತು ಮಲೇಷ್ಯಾದ ತನಕ ಬಂದಿದ್ದಾಳೆ.

ಬಂದದ್ದಷ್ಟೇ ಅಲ್ಲ, ಕಾಲೇಜಿನಲ್ಲೂ ಚಲಾವಣೆಗೆ ತಂದಿದ್ದಾಳೆ! ವೈವಾ ಪರೀಕ್ಷೆಯಲ್ಲಿ ಹುಡುಗರು ನಡುಗುತ್ತಾ ನಿಂತಾಗ ಚಿಕ್ಕಮ್ಮನ ಮೊದಲ ಪ್ರಶ್ನೆಗೆ ಅಂಕವಿಲ್ಲ. ಏನು ಬೇಕಾದರೂ ಹೇಳಬಹುದು. ಎಲುಬು ತೋರಿಸಿ ಏನೆಂದು ಕೇಳಿದಾಗ ಒಬ್ಬ ಗಾಬರಿಯಲ್ಲಿ "ಚಿಕನ್, ಡಾಕ್ಟರ್" ಎಂದಿದ್ದನಂತೆ. ಚಿಕ್ಕಮ್ಮ ತಣ್ಣಗೆ, "ಗುಡ್, ಲೆಕ್ಕಕ್ಕಿಲ್ಲ! ನೌ ಯುವರ್ ಫಿಯರ್ ಈಸ್ ಗಾನ್, ವಿ ಸ್ಟಾರ್ಟ್" ಎಂದಳು. ಈಗ ಅಲ್ಲಿನ ಮಲಯ, ಚೀನೀ, ತಮಿಳು ಹುಡುಗರಿಗೆಲ್ಲ ಒಂದು ಕನ್ನಡ ಪದ ಬರುತ್ತದೆ. ಪರೀಕ್ಷೆಯ ಕೋಣೆಗೆ ಕಾಲಿಡುತ್ತಲೇ ಕೇಳುತ್ತಾರೆ: "ಡಾಕ್ಟರ್, ಫಸ್ಟ್ ಒನ್ ಲೆಕಾಕಿಲಾ, ಆ?"

ಚಿಕ್ಕಮ್ಮನಿಗೆ ಈ ಔದಾರ್ಯ ಬಂದದ್ದು ಸ್ವಂತ ಅನುಭವದಿಂದ. ಇಲ್ಲಿಗೆ ಬಂದ ಮೊದಲ ತಿಂಗಳೇ, ಮಾರ್ಕೆಟ್ಟಿನಲ್ಲಿ ಮಲಯ ಭಾಷೆ ಮಾತಾಡಿಯೇ ತೀರುತ್ತೇನೆಂದು ಹೊರಟಳು. ಮಲಯದಲ್ಲಿ ತೆಂಗಿನಕಾಯಿಗೆ 'ಕೆಲಾಪಾ' ಎನ್ನುತ್ತಾರೆ. ತಲೆಗೆ 'ಕೆಪಾಲಾ'. ನಮ್ಮ ಕಪಾಲವೇ ಹಡಗು ಹತ್ತಿ ಬಂದು ಕೆಪಾಲಾ ಆದದ್ದು. ಉಡುಪಿಯ ಡಾಕ್ಟರ ನಾಲಗೆ ಯಾವುದರ ಕಡೆಗೆ ವಾಲೀತು, ಹೇಳಿ! ಕತ್ತಿನಲ್ಲಿ ಕಾಲೇಜಿನ ಬಿಲ್ಲೆ ನೇತಾಡುತ್ತಿರುವಾಗಲೇ, ತೆಂಗಿನಕಾಯಿ ಮಾರುವ ಮುದುಕನ ಮುಂದೆ ನಿಂತು ಸ್ಪಷ್ಟವಾಗಿ ಕೇಳಿದಳು: "ಒಂದು ತಲೆ ಕೊಡಿ. ಬಲಿತದ್ದು. ಒಡೆದು, ತುರಿದು ಕೊಡಿ."

ಮುದುಕ ಆ ಬಿಲ್ಲೆಯನ್ನೊಮ್ಮೆ ನೋಡಿದ, ಅದರಲ್ಲಿದ್ದ ಅನಾಟಮಿ ವಿಭಾಗದ ಹೆಸರನ್ನು ಓದಿದ, ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ: "ಡಾಕ್ಟರ್, ಹೆಡ್ ನೋ ಹ್ಯಾವ್ ಲಾ. ಹೆಡ್ ಯುವರ್ ಕಾಲೇಜ್ ಹ್ಯಾವ್."

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಆ ಮಾರ್ಕೆಟ್ಟಿನ ದಿಕ್ಕಿಗೇ ತಲೆ, ಅಂದರೆ ಕೆಪಾಲಾ, ಹಾಕುತ್ತಿರಲಿಲ್ಲ. ಚಿಕ್ಕಮ್ಮ ಅಲ್ಲೇ ನಿಂತು ಕಣ್ಣೀರು ಬರುವಷ್ಟು ನಕ್ಕಳು. ಇಂದಿಗೂ ಅದೇ ಅಂಗಡಿಗೇ ಹೋಗುತ್ತಾಳೆ. ಈಗ ಆ ಮುದುಕನ ಮಗ ಕೂರುತ್ತಾನೆ. ದೂರದಿಂದಲೇ ಕೂಗುತ್ತಾನೆ: "ಡಾಕ್ಟರ್! ಟುಡೇ ಹೆಡ್ ವೆರಿ ಫ್ರೆಶ್!" ನಾನು ಮೂಗು ಮುರಿದರೆ ಚಿಕ್ಕಮ್ಮ, "ತಪ್ಪಾದ್ರೆ ಎಂತ ಈಗ? ನನಗೆ ಆವತ್ತು ತೆಂಗಿನಕಾಯಿ ಸಿಕ್ಕಿತಾ ಇಲ್ವಾ?" ಎನ್ನುತ್ತಾಳೆ.

ಈಗ ವಾರ್ಷಿಕ ಉತ್ಸವಕ್ಕೆ ಬರೋಣ. ಹಾಲೋವೀನ್ ಬರುವುದು ನಮ್ಮ ದೀಪಾವಳಿಯ ಆಸುಪಾಸಿನಲ್ಲಲ್ಲವೆ? ಚಿಕ್ಕಮ್ಮ ಎರಡನ್ನೂ ಕಲಸಿ ತನ್ನದೇ ಒಂದು ವ್ರತ ಮಾಡಿಕೊಂಡಿದ್ದಾಳೆ. ಬೆಳಗ್ಗೆ ಎಣ್ಣೆಸ್ನಾನ. ಮಧ್ಯಾಹ್ನ ಹಯಗ್ರೀವ, ಗೋಳಿಬಜೆ. ಆಮೇಲೆ ಟಿವಿಯ ಪಕ್ಕ ದೀಪ ಹಚ್ಚುತ್ತಾಳೆ. ದೀಪ ಹಚ್ಚಿದ ಗಳಿಗೆಯಿಂದ ಟಿವಿ ಆರಿಸುವ ತನಕ ಆ ಮನೆಯಲ್ಲಿ ಯಾರು ಏನು ಮಾಡಿದರೂ, ಏನು ಹೇಳಿದರೂ ಲೆಕ್ಕಕ್ಕಿಲ್ಲ. ಕಾರ್ಟೂನಿನವರಿಗೆ ಒಂದು ನ್ಯಾಯ, ನಮಗೊಂದು ನ್ಯಾಯ ಉಂಟಾ, ಎನ್ನುವುದು ಅವಳ ವಾದ. ನಾವು ಇರುವುದು ಕಾರಿನಲ್ಲಿ ಎರಡು ಗಂಟೆ ದೂರದ ಪೆಟಾಲಿಂಗ್ ಜಯಾದಲ್ಲಿ. ಅವತ್ತು ನಾನು, ನನ್ನ ಗಂಡ, ಮಗಳು ಪುಟ್ಟಿ, ಮೂವರೂ ಹೈವೇಯಲ್ಲಿ ಬೇಯುತ್ತಾ ಮೆಲಾಕಾಕ್ಕೆ ಹಾಜರಾಗಲೇಬೇಕು. ಒಮ್ಮೆ ಆಫೀಸಿನ ಕೆಲಸವಿದೆ ಎಂದು ತಪ್ಪಿಸಿಕೊಂಡದ್ದಕ್ಕೆ ಚಿಕ್ಕಮ್ಮ ಆರು ವಾರ ಫೋನು ಎತ್ತಲಿಲ್ಲ. ಅದು ಲೆಕ್ಕಕ್ಕಿತ್ತು!

ಈ ವಿನಾಯಿತಿಯ ದೊಡ್ಡ ಫಲಾನುಭವಿ ಚಿಕ್ಕಪ್ಪ. ಸಕ್ಕರೆ ಕಾಯಿಲೆಯ ಮನುಷ್ಯ, ವರ್ಷವಿಡೀ ಪಥ್ಯ. ದೀಪ ಹತ್ತಿದ್ದೇ ತಡ, ಹಯಗ್ರೀವದ ಪಾತ್ರೆಯನ್ನೇ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. "ಲೆಕ್ಕಕ್ಕಿಲ್ಲ, ಅಲ್ವಾ?" ಎಂದು ಪ್ರತಿ ಚಮಚಕ್ಕೂ ಒಮ್ಮೆ ಕೇಳುತ್ತಾರೆ. ಮರುದಿನ ಬೆಳಗ್ಗೆ ಬೆರಳು ಚುಚ್ಚಿ ನೋಡಿದಾಗ ತಿಳಿಯುತ್ತದೆ, ಗ್ಲುಕೋಮೀಟರಿಗೆ ಕನ್ನಡ ಬರುವುದಿಲ್ಲ.

ನನ್ನ ಗಂಡ ಮೈಸೂರಿನವರು, ಜಾಣರು. ಮದುವೆಯಾಗಿ ಬಂದ ಮೊದಲ ವರ್ಷವೇ ಈ ಕಾನೂನಿನ ಲಾಭ ಪಡೆಯಲು ಹೋದರು. "ಚಿಕ್ಕಮ್ಮ, ಈಗ ಏನು ಹೇಳಿದ್ರೂ ಲೆಕ್ಕಕ್ಕಿಲ್ಲ ತಾನೆ? ಹಾಗಾದ್ರೆ ಒಂದು ಮಾತು. ನಿಮ್ಮ ಸಾಂಬಾರಲ್ಲಿ ಯಾವಾಗ್ಲೂ ಬೆಲ್ಲ ಜಾಸ್ತಿ, ನಮಗೆ ಪಾಯಸ ತಿಂದಂಗೆ ಆಗುತ್ತೆ."

ಉಡುಪಿಯವರ ಸಾಂಬಾರಿನ ಬೆಲ್ಲದ ವಿಷಯ ಎತ್ತುವುದೆಂದರೇನು! ಚಿಕ್ಕಮ್ಮ ಮಾತ್ರ ನಗುನಗುತ್ತಾ "ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ" ಎಂದಳು. ಹೊರಡುವಾಗ ಎಲ್ಲರಿಗೂ ತಪಾವ್ ಕೊಟ್ಟಳು; ಕಟ್ಟಿಕೊಡುವ ಊಟಕ್ಕೆ ಇಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ನನಗೊಂದು ಡಬ್ಬಿ, ಪುಟ್ಟಿಗೊಂದು, ಅಳಿಯನಿಗೊಂದು. ದಾರಿಯಲ್ಲಿ ಹಸಿವಾಗಿ ಇವರು ತಮ್ಮದನ್ನು ತೆರೆದರು. ಒಳಗೆ ಗಾಳಿ! ಫೋನು ಮಾಡಿದರೆ ಚಿಕ್ಕಮ್ಮನ ಜೇನಿನಂಥ ದನಿ: "ಹೌದಾ ಅಳಿಯಂದಿರೇ? ದೀಪ ಇರುವಾಗ ಕಟ್ಟಿದ್ದಲ್ವಾ ಅದು? ಲೆಕ್ಕಕ್ಕಿಲ್ಲ!"

ಹಾಲೋವೀನ್ ದಿನ ವೇಷ ಹಾಕಿಕೊಂಡ ಬೀದಿಯ ಮಕ್ಕಳು ಮನೆಮನೆಗೆ ಬಂದು ಮಿಠಾಯಿ ಕೇಳುವ ಪದ್ಧತಿ ಈಚೆಗೆ ಚಿಕ್ಕಮ್ಮನ ಬಡಾವಣೆಗೂ ಬಂದಿದೆ. ಅವಳಿಗೆ ಅದು ಅಷ್ಟು ಪಥ್ಯವಿಲ್ಲ. "ನಮ್ಮೂರಿನ ಭೂತ ಅಂಗಳಕ್ಕೆ ಬಂದ್ರೆ ನ್ಯಾಯ ಹೇಳ್ತದೆ. ಇಲ್ಲಿಯ ಚೀನೀಯರ ಭೂತ, ನಮ್ಮ ಪಿತೃಪಕ್ಷದ ಹಾಗೆ, ವರ್ಷಕ್ಕೊಮ್ಮೆ ಬಂದು ಒಂದು ತಿಂಗಳು ಮರ್ಯಾದೆಯಲ್ಲಿ ಉಂಡು ಹೋಗ್ತದೆ. ಇದೆಂತದು, ಬೆಲ್ ಮಾಡಿ ಚಾಕಲೇಟು ಕೇಳುವ ಭೂತ!" ಎಂದು ಗೊಣಗಿ, ಒಂದು ವರ್ಷ ಸೀಮೆಸುಣ್ಣ ತಂದು ಬಾಗಿಲ ಮೇಲೆ ದೊಡ್ಡದಾಗಿ 'ನಾಳೆ ಬಾ' ಎಂದು ಬರೆದಳು. ಕರ್ನಾಟಕದ ದೆವ್ವಗಳೆಲ್ಲ ಈ ಎರಡು ಪದಕ್ಕೆ ಮರುಳಾಗಿ ವರ್ಷಗಟ್ಟಲೆ ಹಿಂದೆ ಹೋದ ಇತಿಹಾಸವಿದೆಯಲ್ಲ! ಸಂಜೆ ಮಕ್ಕಳ ಹಿಂಡು ಬಂತು. ಲಿಪಿ ಓದಲು ಬಾರದೆ ಬಾಯಿ ಬಿಟ್ಟು ನಿಂತಿತು. ಎದುರುಮನೆಯ ತಮಿಳು ಅಕ್ಕ ಇದೇನು ಬರೆದಿದ್ದೀರಿ ಎಂದು ಕೇಳಿದಾಗ ಚಿಕ್ಕಮ್ಮ ಗತ್ತಿನಿಂದ ಓದಿ ಹೇಳಿದಳು: "ನಾಳೆ ಬಾ."

"ಅಡಡಾ, ನಾಳೈ ವಾ!" ಎಂದು ಆ ಅಕ್ಕ ಖುಷಿಯಾಗಿ ಮಕ್ಕಳ ಕಡೆ ತಿರುಗಿ ಸಾರಿಬಿಟ್ಟರು: "ಚಿಲ್ಡ್ರನ್, ಡಾಕ್ಟರ್ ಆಂಟಿ ಸೇ ಟುಮಾರೊ ಕಮ್!"

ಮರುದಿನ ಬಂದರು! ತಮ್ಮಂದಿರನ್ನೂ ತಂಗಿಯರನ್ನೂ ಕರೆದುಕೊಂಡು ಬಂದರು. ಸೀಮೆಸುಣ್ಣದ ಬರಹ ಇನ್ನೂ ಅಳಿಸಿರಲಿಲ್ಲವಾದ್ದರಿಂದ ಅದರ ಮರುದಿನವೂ ಬಂದರು. ದೀಪಾವಳಿಗೆಂದು ಮಾಡಿಟ್ಟಿದ್ದ ಚಕ್ಕುಲಿಯ ಡಬ್ಬಿ ಬರಿದಾದ ಮೇಲೆ ಚಿಕ್ಕಮ್ಮ ಒದ್ದೆಬಟ್ಟೆ ಹಿಡಿದು ಬಾಗಿಲು ಒರೆಸಿದಳು. "ದೆವ್ವಗಳಿಗೆ ಬುದ್ಧಿ ಇಲ್ಲ ಮಾರಾಯ್ತಿ. ಮಕ್ಕಳಿಗೆ ಉಂಟು."

ಇಷ್ಟೆಲ್ಲ ನಗೆಯ ನಡುವೆ ನನ್ನೊಳಗೆ ಒಂದು ಮುಳ್ಳಿತ್ತು. ಅದು ಪುಟ್ಟಿಯದು.

ಹತ್ತು ವರ್ಷದ ಪುಟ್ಟಿ ಹುಟ್ಟಿ ಬೆಳೆದದ್ದು ಇಲ್ಲೇ. ಇಲ್ಲಿಯ ನಮ್ಮವರ ಮಕ್ಕಳೆಲ್ಲರಂತೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಆದರೆ ಪುಟ್ಟಿ ಮೊದಲು ಹಾಗಿರಲಿಲ್ಲ. ತೊದಲುತ್ತಲೋ ಎಡವುತ್ತಲೋ ಕನ್ನಡವನ್ನೇ ಆಡುತ್ತಿದ್ದಳು. ಮೂರು ವರ್ಷದ ಹಿಂದೆ ಉಡುಪಿಯಲ್ಲಿ ನನ್ನ ತಮ್ಮನ ಮದುವೆಯಾಯಿತು. ಅಲ್ಲಿ ಸ್ಟೇಜಿನ ಪಕ್ಕದ ಕುರ್ಚಿಯಲ್ಲಿ ನನ್ನ ಅಜ್ಜಿಯನ್ನು, ಅಂದರೆ ಚಿಕ್ಕಮ್ಮನ ಅಮ್ಮನನ್ನು, ಕೂರಿಸಿದ್ದರು. ತೊಂಬತ್ತು ದಾಟಿದ ಜೀವ. ಬೆಳಗ್ಗಿನಿಂದ ಬಂದವರೆಲ್ಲ ಕಾಲಿಗೆ ಬೀಳುವುದು, ಅವರು ತಲೆ ಮುಟ್ಟುವುದು, ಫೋಟೋ. ನಾನು ಇವತ್ತು ನಾಲ್ಕು ಸಾಲು ಕನ್ನಡ ಬರೆಯುತ್ತಿದ್ದರೆ ಅದು ಶಾಲೆಯದಲ್ಲ; ಆ ಅಜ್ಜಿ ಅಕ್ಕಿ ಆರಿಸುತ್ತಾ ಹೇಳಿದ ಕತೆಗಳದು, ಬೈಗುಳದ್ದು. ನಮ್ಮ ಏಳು ವರ್ಷದ ಪುಟ್ಟಿ ಜರಿಲಂಗ ಎತ್ತಿಕೊಂಡು ಅವರ ಹತ್ತಿರ ಹೋಗಿ, ಅವರ ಮುಖ ನೋಡಿ, ಇಡೀ ಸಭಾಂಗಣಕ್ಕೆ ಕೇಳುವಂತೆ ವಿಚಾರಿಸಿದಳು:

"ಮುತ್ತಜ್ಜಿ, ನಿಮಗೆ ಸತ್ತಾಯ್ತಾ?"

ಸುಸ್ತಾಯ್ತಾ ಎಂದು ಕೇಳಬೇಕಿತ್ತು, ಪಾಪ! ಒಂದು ಕೊಂಬು, ಒಂದು ಅರ್ಧ 'ಸ' ಜಾರಿದವು, ಅಷ್ಟೆ. ಅಜ್ಜಿ ಬೊಚ್ಚುಬಾಯಿ ತೆರೆದು, "ಇನ್ನೂ ಇಲ್ಲ ಮಗಾ, ಊಟ ಆಗ್ಲಿ, ಮತ್ತೆ ನೋಡುವ" ಎಂದರು. ಸಭಾಂಗಣವೇ ಹಾರಿಹೋಗುವಂತೆ ನಗು. ಪುರೋಹಿತರು ಮಂತ್ರ ನಿಲ್ಲಿಸಿ ನಕ್ಕರು. ಯಾರೋ ವಿಡಿಯೋ ಮಾಡಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಂದೆ ಯಾರೇ ಫೋನು ಮಾಡಿದರೂ "ಎಂತ ಪುಟ್ಟಿ, ನಮಗೆ ಯಾವಾಗ ಸಾಯ್ಲಿಕ್ಕೆ?" ಎಂಬ ತಮಾಷೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಜ್ಜಿ ನಿದ್ದೆಯಲ್ಲೇ ಹೋಗಿಬಿಟ್ಟರು. ಆಮೇಲೆ ಆ ತಮಾಷೆಯನ್ನು ಯಾರೂ ಎತ್ತಲಿಲ್ಲ. ಪುಟ್ಟಿ ಕನ್ನಡ ಎತ್ತಲಿಲ್ಲ.

ಎಲ್ಲರೂ ನಕ್ಕದ್ದಕ್ಕೆ ನಾಚಿಕೆಯಾಗಿದೆ, ಸರಿಹೋಗುತ್ತದೆ ಎಂದುಕೊಂಡೆವು. ಆಸೆ ತೋರಿಸಿದೆ, ಗದರಿದೆ. ದೋಸೆ ಬೇಕಾದರೆ ಕನ್ನಡದಲ್ಲಿ ಕೇಳು ಎಂದು ಸತ್ಯಾಗ್ರಹವನ್ನೂ ಹೂಡಿದೆ. ಪುಟ್ಟಿ ಕಾರ್ನ್‌ಫ್ಲೇಕ್ಸ್ ತಿಂದು ಹೋದಳು! ನನ್ನ ಗಂಡ "ಬಿಡೇ, ಬಲವಂತ ಮಾಡಿದ್ರೆ ಇನ್ನೂ ದೂರ ಹೋಗ್ತಾಳೆ" ಎಂದರು. ಬಿಟ್ಟೆ. ಅಜ್ಜಿಯ ಮಾತು ನನ್ನಲ್ಲಿಗೇ ನಿಂತುಹೋಗುತ್ತದೆಯಲ್ಲ ಎಂಬ ಸಂಕಟ ಮಾತ್ರ ಬಿಡಲಿಲ್ಲ.

ಕಳೆದ ಅಕ್ಟೋಬರಿನ ಉತ್ಸವಕ್ಕೂ ಹೀಗೆಯೇ ಹೋದೆವು. ಎಣ್ಣೆಸ್ನಾನವಾಯಿತು, ಹಯಗ್ರೀವವಾಯಿತು. ಚಿಕ್ಕಮ್ಮ ದೀಪ ಹಚ್ಚಿ, "ಇಲ್ಲಿಂದ ಲೆಕ್ಕಕ್ಕಿಲ್ಲ!" ಎಂದು ಘೋಷಿಸಿ, ಪುಟ್ಟಿಯನ್ನು ಒಂದು ಪಕ್ಕಕ್ಕೆ, ಚಿಕ್ಕಪ್ಪನ ಮೊಣಕೈಯನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡು ಕುಳಿತಳು. ಆ ವರ್ಷದ ಮೊದಲ ಕತೆಯಲ್ಲಿ ಆ ಮೂರನೇ ಕ್ಲಾಸಿನ ಹುಡುಗಿಗೆ ಅಟ್ಟದಲ್ಲಿ ಒಂದು ಮಂತ್ರದ ಪುಸ್ತಕ ಸಿಗುತ್ತದೆ. ಅಜ್ಜಿಯ ಸೊಂಟನೋವು ಹೋಗಲೆಂದು ಮಂತ್ರ ಓದುತ್ತಾಳೆ. ಒಂದು ಅಕ್ಷರ ತಪ್ಪುತ್ತದೆ. ಸೋಫಾದ ಮೇಲೆ ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿ ಠುಸ್ ಎಂದು ಹೊಗೆಯಾಗಿ ಹೋಗುತ್ತಾಳೆ. ಸೂಜಿಗಳು ಮಾತ್ರ ಗಾಳಿಯಲ್ಲಿ ಹೆಣೆಯುತ್ತಲೇ ಇರುತ್ತವೆ!

ಚಿಕ್ಕಪ್ಪ ಹೋ ಎಂದು ನಕ್ಕರು. ನನ್ನ ಗಂಡ ನಕ್ಕರು. ಚಿಕ್ಕಮ್ಮ ಕಿರುಚಿ ಆಮೇಲೆ ನಕ್ಕಳು. ಪುಟ್ಟಿ ನಗಲಿಲ್ಲ.

ಎರಡನೇ ಕತೆ ಶುರುವಾಯಿತು. ಅದರಲ್ಲಿ ಅದೇ ಅಜ್ಜಿ ಅದೇ ಸೋಫಾದ ಮೇಲೆ ಹಾಯಾಗಿ ಕೂತಿದ್ದಾಳೆ. ಪುಟ್ಟಿ ಮೆಲ್ಲಗೆ ಚಿಕ್ಕಮ್ಮನ ಸೆರಗು ಎಳೆದಳು.

"ಚಿಕ್ಕಜ್ಜಿ, ನೌ ಈಸ್ ಲೆಕ್ಕಕ್ಕಿಲ್ಲ ಟೈಮ್, ರೈಟ್?"

"ಹೌದು ಮಗಾ. ದೀಪ ಉಂಟಲ್ಲ."

"ಎನಿಥಿಂಗ್ ಐ ಸೇ, ನಾಟ್ ಕೌಂಟೆಡ್?"

"ಒಂದೂ ಇಲ್ಲ."

ಪುಟ್ಟಿ ದೀಪವನ್ನು ನೋಡಿದಳು. ಅದು ಉರಿಯುತ್ತಿದೆಯೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ, ಮೂರು ವರ್ಷ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯ ಮಡಿಕೆ ಬಿಚ್ಚುವವಳಂತೆ, ಒಂದೊಂದೇ ಪದ ಹೊರಗಿಟ್ಟಳು.

"ನಾನು ಆ ವರ್ಡ್ ತಪ್ಪು ಹೇಳಿದೆ. ಮದುವೆಯಲ್ಲಿ. ಅದಕ್ಕೆ... ಮುತ್ತಜ್ಜಿ ಹೊಗೆ ಆದ್ರಾ?"

ಟಿವಿಯಲ್ಲಿ ಯಾರೋ ಅರಚುತ್ತಿದ್ದರು. ಚಿಕ್ಕಪ್ಪನ ಚಮಚ ಅರ್ಧ ದಾರಿಯಲ್ಲೇ ನಿಂತಿತು. ನಾಚಿಕೆ ಎಂದುಕೊಂಡಿದ್ದೆನಲ್ಲ ನಾನು! ಈ ಕೂಸು ಮೂರು ವರ್ಷ ತುಟಿ ಕಚ್ಚಿಕೊಂಡಿದ್ದದ್ದು ಇನ್ನೊಂದು ಕೊಂಬು ಜಾರಿ ಇನ್ಯಾರಿಗೆ ಏನಾದೀತೋ ಎಂದು.

ನಾನು ಏಳಹೋದೆ. ಚಿಕ್ಕಮ್ಮ ಕಣ್ಣಿನಲ್ಲೇ ಕೂರಿಸಿದಳು. ಪುಟ್ಟಿಯನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಹತ್ತು ವರ್ಷದ ಉದ್ದನೆಯ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿತ್ತು.

"ನೋಡು ಪುಟ್ಟಾ, ನಾನು ಡಾಕ್ಟರಲ್ವಾ? ದಿನಾ ಸತ್ತವರನ್ನೇ ನೋಡುದಲ್ವಾ? ಹೃದಯ ನಿಂತು ಸತ್ತವರನ್ನು ನೋಡಿದ್ದೇನೆ, ಲಿವರ್ ಕೆಟ್ಟು ಸತ್ತವರನ್ನು ನೋಡಿದ್ದೇನೆ. ಕನ್ನಡ ತಪ್ಪಿ ಸತ್ತವರನ್ನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ನೋಡ್ಲಿಲ್ಲ."

ಪುಟ್ಟಿಯ ಭುಜ ಕುಲುಕಿತು. ನಗುವೋ ಅಳುವೋ ತಿಳಿಯಲಿಲ್ಲ.

"ಆ ಮದುವೆಗೆ ನಾನು ಬರ್ಲಿಲ್ಲ, ನೆನಪುಂಟಾ? ಪರೀಕ್ಷೆ ಇತ್ತು ಇಲ್ಲಿ. ಸಂಜೆ ನನ್ನ ಅಮ್ಮನಿಗೆ, ನಿನ್ನ ಮುತ್ತಜ್ಜಿಗೆ, ಫೋನ್ ಮಾಡಿದೆ. ಊಟ ಹೇಗಾಯ್ತು, ಸೀರೆ ಹೇಗಿತ್ತು, ಅದೆಲ್ಲ ಅವಳು ಹೇಳ್ಲೇ ಇಲ್ಲ. ಎಂತ ಹೇಳಿದ್ಲು ಗೊತ್ತುಂಟಾ?" ಚಿಕ್ಕಮ್ಮ ಪುಟ್ಟಿಯ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದಳು. "ಬೆಳಗ್ಗಿನಿಂದ ಊರಿಗೂರೇ ಬಂದು ಕಾಲು ಹಿಡಿದು ಆಶೀರ್ವಾದ ಕೊಡಿ, ಆಶೀರ್ವಾದ ಕೊಡಿ ಅಂತು. ನಿಮಗೆ ಸುಸ್ತಾಯ್ತಾ ಅಂತ ಕೇಳಿದ್ದು ಆ ಮಲೇಷ್ಯಾದ ಕೂಸು ಒಂದೇ, ಅಂದ್ಲು."

"ಬಟ್ ಐ ಸೆಡ್..."

"ನೀನು ಎಂತ ಹೇಳಿದ್ಯೋ ಅದು ಬೇರೆ. ಅವಳ ಮನಸ್ಸಿಗೆ ಕೇಳಿಸಿದ್ದು ಸುಸ್ತಾಯ್ತಾ ಅಂತಲೇ. ನಾನು ಕೆಪಾಲಾ ಕೇಳಿದೆ, ಅವ ತೆಂಗಿನಕಾಯಿ ಕೊಡ್ಲಿಲ್ವಾ?"

ಪುಟ್ಟಿ ಚಿಕ್ಕಮ್ಮನ ಭುಜದಲ್ಲಿ ಮುಖ ಹುದುಗಿಸಿದಳು. ಮೂರನೇ ಕತೆ ಅದರ ಪಾಡಿಗೆ ಓಡಿ ಮುಗಿಯಿತು. ಊರೆಲ್ಲ ನಾಶವಾಯಿತೋ, ಕಪ್ಪೆಯಾಯಿತೋ, ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಚಿಕ್ಕಮ್ಮ ಕಿರುಚದೆ ಬಿಟ್ಟ ಭೂತ ಅದೊಂದೇ ಇರಬೇಕು. ಚಿಕ್ಕಪ್ಪ ಎದ್ದು ಟಿವಿ ಆರಿಸಿದರು, ದೀಪಕ್ಕೆ ಕೈಮುಗಿದು ಬತ್ತಿಯನ್ನು ಮೆಲ್ಲಗೆ ಹಿಂದಕ್ಕೆಳೆದರು. ನಿಯಮದ ಪ್ರಕಾರ ಆಟ ಮುಗಿಯಿತು. ನನ್ನ ಗಂಡ ಕಾರಿನ ಕೀಲಿ ತಗೊಂಡರು. ಚಿಕ್ಕಮ್ಮ ತಪಾವ್ ಡಬ್ಬಿಗಳನ್ನು ಕಟ್ಟಿಟ್ಟು ಬಂದು, ಉಸ್ಸೆಂದು ಸೋಫಾದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿದಳು. ಅರವತ್ತು ದಾಟಿದ ದೇಹ. ಬೆಳಗ್ಗಿನಿಂದ ಅಡಿಗೆಮನೆಯಲ್ಲಿ ನಿಂತು ದಣಿದಿದ್ದಳು.

ಚಪ್ಪಲಿ ಹಾಕಿಕೊಳ್ಳುತ್ತಿದ್ದ ಪುಟ್ಟಿ ಬಾಗಿಲಿನಿಂದ ತಿರುಗಿ ನೋಡಿದಳು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದಳು. ಸೋಫಾದ ಪಕ್ಕ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕಣ್ಣಿನ ಮೂಲೆಯಲ್ಲಿ ಕಿಡಿಗೇಡಿ ನಗೆ ಇಟ್ಟುಕೊಂಡು ಕೇಳಿದಳು:

"ಚಿಕ್ಕಜ್ಜಿ, ನಿಮಗೆ ಸತ್ತಾಯ್ತಾ?"

ಚಿಕ್ಕಮ್ಮ ಕಣ್ಣು ತೆರೆಯಲೇ ಇಲ್ಲ. ಒಂದು ಕೈಯನ್ನು ಸೋಫಾದಿಂದ ಕೆಳಗೆ ಜೋತುಬಿಟ್ಟಳು, ನಾಲಗೆ ಹೊರಗೆ ಹಾಕಿದಳು. ಸತ್ತವರು ಹೇಗಿರುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

"ಸತ್ತಾಯ್ತು ಮಗಾ," ಎಂದಳು ಹೆಣದ ದನಿಯಲ್ಲಿ. "ಮುಂದಿನ ವಾರ ಎದ್ದು ತಿಂಡಿ ತಿಂತೇನೆ."

ಪುಟ್ಟಿ ಕಿಲಕಿಲ ನಗುತ್ತಾ ಅವಳ ಮೇಲೆ ಬಿದ್ದಳು. ನಾನು ಅಭ್ಯಾಸಬಲದಿಂದ ಟಿವಿಯ ಕಡೆ ನೋಡಿದೆ. ತೆರೆ ಕಪ್ಪಾಗಿತ್ತು. ದೀಪದ ಬತ್ತಿಯ ಹೊಗೆಯೂ ಅಡಗಿತ್ತು. ಆಟ ಆಗಲೇ ಮುಗಿದಿತ್ತು.

ಹಾಗಾದರೆ ಈ ಮಾತು ಲೆಕ್ಕಕ್ಕುಂಟು.